11 ವರ್ಷದ ಮಗಳಿಗೆ ಇನ್ಸುಲಿನ್ ಪಂಪ್: ಯಾವುದು ಕೊಳ್ಳಬೇಕು, ಕೊಳ್ಳುವ ಮೊದಲು ಏನು ಕೇಳಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು: ಮಗಳಿಗೆ 11 ವರ್ಷ, ಟೈಪ್ ಒನ್ ಡಯಾಬಿಟಿಸ್ ಬಂದು ಎರಡು ವರ್ಷ. ದಿನಕ್ಕೆ ಐದು ಸಲ ಪೆನ್ನಿನಲ್ಲಿ ಚುಚ್ಚಿ ಒಟ್ಟು 28 ಯೂನಿಟ್ ಇನ್ಸುಲಿನ್ ಹೋಗುತ್ತಿದೆ. ಮನೆ ಬೆಂಗಳೂರಿನ ವಿಜಯನಗರದಲ್ಲಿ, ಹಗಲು ಅಜ್ಜಿ ನೋಡಿಕೊಳ್ಳುತ್ತಾರೆ. ಪೆನ್ನಿನ ಬದಲು ಸೊಂಟಕ್ಕೆ ಕಟ್ಟಿಕೊಂಡು ದಿನವಿಡೀ ಇನ್ಸುಲಿನ್ ಹರಿಸುವ ಪಂಪಿನ ಡೆಮೊ ಆಗಿದೆ. ಯಾವುದು ತಗೊಳ್ಳೋದು, ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಕಾಣುವ ಹಳೇ ಪಂಪ್ ಆಗುತ್ತದಾ ಎಂದು ಕೇಳಿದ್ದೀರಿ.

ಯಾವುದು ಅನ್ನುವ ಮಾತು ಬೇಗ ಮುಗಿಯುತ್ತದೆ. ಅಮೆರಿಕದವರ ವಿಡಿಯೊ ನೋಡಿ ಓಮ್ನಿಪಾಡ್, ಟ್ಯಾಂಡಮ್ ಪಂಪುಗಳೇ ಬೇಕೆಂದು ಆಸೆಪಡಬೇಡಿ. ಯಾರೋ ನೆಂಟರು ಒಂದು ಸಲ ತಂದುಕೊಟ್ಟಾರು, ಆದರೆ ಮೂರು ದಿನಕ್ಕೊಮ್ಮೆ ಬದಲಿಸುವ ಸಾಮಾನನ್ನು ಸೂಟ್‌ಕೇಸಿನಲ್ಲಿ ತರಿಸಿಕೊಂಡು ವರ್ಷಗಟ್ಟಲೆ ನಡೆಸಲು ಆಗುವುದಿಲ್ಲ. ಸರ್ವಿಸ್ ಇಲ್ಲೇ ಸಿಗಬೇಕು, ಮೈಗೆ ಅಂಟಿಸಿದ ಶುಗರ್ ಸೆನ್ಸರ್ ನೋಡಿಕೊಂಡು ಇನ್ಸುಲಿನ್ ತಾನೇ ಏರಿಸಿ ಇಳಿಸಬೇಕು ಅಂದರೆ ನಮ್ಮೂರಲ್ಲಿ ಹೆಚ್ಚಿನವರ ಮುಂದೆ ಬರುವುದು ಮೆಡ್‌ಟ್ರಾನಿಕ್‌ನ ಮಿನಿಮೆಡ್ 780ಜಿ. ನಿಮಗೂ ಡೆಮೊ ಕೊಟ್ಟದ್ದು ಬಹುಶಃ ಅದನ್ನೇ. ಹಾಗಾಗಿ ನೀವು ತಲೆ ಕೆಡಿಸಿಕೊಳ್ಳಬೇಕಾದದ್ದು ಎರಡು ವಿಷಯಕ್ಕೆ: ಪ್ರತಿ ತಿಂಗಳ ಸಾಮಾನು, ಮತ್ತು ಪಂಪ್ ಕೈಕೊಟ್ಟ ರಾತ್ರಿ ಏನು ಮಾಡುವುದು ಎಂಬುದು.

ಸಾಮಾನಿನ ಲೆಕ್ಕ ಹೀಗೆ ಹಾಕಿ. ಇನ್ಫ್ಯೂಷನ್ ಸೆಟ್ (ನಳಿಕೆ ಮತ್ತು ಚರ್ಮದೊಳಗೆ ಕೂರುವ ಕ್ಯಾನುಲಾ ಎಂಬ ಸಣ್ಣ ಕೊಳವೆ) ಮತ್ತು ರಿಸರ್ವಾಯರ್ (ಪಂಪಿನೊಳಗೆ ಇನ್ಸುಲಿನ್ ತುಂಬುವ ಡಬ್ಬಿ) ಮೂರು ದಿನಕ್ಕೊಂದು, ಅಂದರೆ ವರ್ಷಕ್ಕೆ 122. ಕಿತ್ತುಬರುವುದು, ಮಡಚಿಕೊಳ್ಳುವುದು ಇದ್ದದ್ದೇ, 135 ಎಂದೇ ಇಟ್ಟುಕೊಳ್ಳಿ. ಗಾರ್ಡಿಯನ್ 4 ಸೆನ್ಸರ್ ಏಳು ದಿನಕ್ಕೊಂದು, ವರ್ಷಕ್ಕೆ 52. ಸೆನ್ಸರ್ ಮೇಲೆ ಕೂರುವ ಟ್ರಾನ್ಸ್‌ಮಿಟರ್‌ನ ವಾರಂಟಿ ಪಂಪಿನಷ್ಟು ದೀರ್ಘ ಇರುವುದಿಲ್ಲ. ಅದನ್ನು ಮತ್ತೆ ಕೊಳ್ಳಬೇಕಾಗುತ್ತದೆ ಎಂಬುದು ಮೊದಲ ಕೊಟೇಶನ್‌ನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ, ನೀವೇ ಬಾಯಿಬಿಟ್ಟು ಕೇಳಿ. ಇದರ ಮೇಲೆ ಇನ್ಸುಲಿನ್, ಗ್ಲೂಕೋಸ್ ಸ್ಟ್ರಿಪ್, ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಏರುವ ಆಮ್ಲ) ನೋಡುವ ಸ್ಟ್ರಿಪ್, ಎಎ ಸೆಲ್ಲು. 12 ತಿಂಗಳ ಮೊತ್ತವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಪಂಪಿನ ವಾರಂಟಿ ಎಷ್ಟು ವರ್ಷ, ರಿಪೇರಿಗೆ ಹೋದರೆ ಬದಲಿ ಪಂಪ್ ಎಷ್ಟು ದಿನಕ್ಕೆ ಬರುತ್ತದೆ ಎಂಬುದನ್ನೂ. ಏಳು ದಿನ ಬರುವ ಸೆಟ್ ಕೂಡ ಈ ಕಂಪನಿಯದೇ ಇದೆ. ಇಲ್ಲಿ ನಿಯಮಿತವಾಗಿ ಸ್ಟಾಕ್ ಇದೆಯಾ ಎಂದು ವಿಚಾರಿಸಿ, ಇದ್ದರೆ ಲೆಕ್ಕವೇ ಬದಲಾಗುತ್ತದೆ.

ಆ ಮೊತ್ತ ನೋಡಿ ಎದೆ ಧಸಕ್ಕೆಂದರೆ ನನ್ನ ಸಲಹೆ ಖಚಿತ: ಪಂಪ್ ಬಿಡಿ, ಸೆನ್ಸರ್ ಮತ್ತು ಪೆನ್ ಇಟ್ಟುಕೊಳ್ಳಿ. ಸಾಲ ಮಾಡಿ ಪಂಪ್ ತಂದು, ದುಡ್ಡು ಉಳಿಸಲು ಸೆನ್ಸರ್ ಹಾಕದೆ, ಮೂರು ದಿನದ ಸೆಟ್ಟನ್ನು ಆರು ದಿನ ಎಳೆಯುವ ಮನೆಗಳಲ್ಲಿ ಮಗುವಿನ ಶುಗರ್ ಪೆನ್ನಿದ್ದಾಗಿನಕ್ಕಿಂತ ಕೆಡುತ್ತದೆ. ಇನ್ಶೂರೆನ್ಸ್ ನಂಬಿ ಹೊರಡಬೇಡಿ. ನಮ್ಮ ಸಾಮಾನ್ಯ ಪಾಲಿಸಿಗಳು ಆಸ್ಪತ್ರೆ ಸೇರಿದ ಖರ್ಚಿಗೆ, ಸೊಂಟಕ್ಕೆ ಕಟ್ಟುವ ಯಂತ್ರಕ್ಕಲ್ಲ. ಕೊಡುತ್ತೇವೆ ಎಂದು ಏಜೆಂಟ್ ಹೇಳಿದರೆ ಪಾಲಿಸಿಯ ಯಾವ ಸಾಲಿನಲ್ಲಿದೆ ಎಂದು ತೋರಿಸಲು ಹೇಳಿ.

ಈಗ ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದು. 780ಜಿ ಆಟೋ ಮೋಡಿನಲ್ಲಿ ಐದೈದು ನಿಮಿಷಕ್ಕೆ ಸೆನ್ಸರ್ ಓದಿ ಬೇಸಲ್ (ದಿನವಿಡೀ ಸ್ವಲ್ಪ ಸ್ವಲ್ಪವೇ ಹರಿಯುವ ಇನ್ಸುಲಿನ್) ಹೊಂದಿಸುತ್ತದೆ, ಬೇಕೆನಿಸಿದರೆ ಏರಿದ ಶುಗರ್ ಇಳಿಸಲು ಸಣ್ಣ ಕರೆಕ್ಷನ್ ಬೋಲಸ್ಸನ್ನೂ (ಒಮ್ಮೆಲೇ ಕೊಡುವ ಡೋಸ್) ತಾನೇ ಕೊಡುತ್ತದೆ. ಶುಗರಿನ ಗುರಿಯನ್ನು 100, 110, 120 ಈ ಮೂರರಲ್ಲಿ ಒಂದಕ್ಕೆ ಇಡಬಹುದು. ದಿನಕ್ಕೆ ಕನಿಷ್ಠ 8 ಯೂನಿಟ್ ಬೇಕಾಗುವವರಿಗೆ ಮಾತ್ರ ಈ ಮೋಡ್, ನಿಮ್ಮ ಮಗಳಿಗೆ ಆ ತೊಂದರೆಯಿಲ್ಲ. ಆದರೆ ಊಟದ ಕಾರ್ಬ್ (ಪಿಷ್ಟ, ಸಕ್ಕರೆ) ಎಣಿಸಿ ಬೋಲಸ್ ಒತ್ತುವ ಕೆಲಸ ನಿಮ್ಮದೇ, ಅದೂ ತಟ್ಟೆ ಮುಂದೆ ಬರುವ 10-15 ನಿಮಿಷ ಮೊದಲು. ಫೋನಿನಿಂದ ಬೋಲಸ್ ಕೊಡಲು ಬರುವುದಿಲ್ಲ. ಆಫೀಸಿನಲ್ಲಿ ಕೂತು ಮಗಳ ಶುಗರ್ ನೋಡಬಹುದು, ಅಷ್ಟೇ. ಅದಕ್ಕೂ ನಿಮ್ಮ ಫೋನಿನ ಮಾಡೆಲ್ ಅವರ ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಿ.

ಸೆನ್ಸರ್ ಕೈಕೊಟ್ಟರೆ ಪಂಪ್ ಗರಿಷ್ಠ ನಾಲ್ಕು ಗಂಟೆ ಸೇಫ್ ಬೇಸಲ್‌ನಲ್ಲಿದ್ದು (ಒಂದೇ ಸಮನೆ ಹರಿಯುವ ಪ್ರಮಾಣ), ಆಮೇಲೆ ಮ್ಯಾನುವಲ್‌ಗೆ ಬೀಳುತ್ತದೆ. ಆಗ ಒಳಗೆ ತುಂಬಿಟ್ಟ ಬೇಸಲ್ ಅಂಕಿಗಳೇ ಗತಿ. "ಹೇಗೂ ಆಟೋ ಇದೆಯಲ್ಲ" ಎಂದು ಅವನ್ನು ಕಡೆಗಣಿಸುವವರು ಬಹಳ. ಆರಂಭದ ಅಂದಾಜು ಸಾಮಾನ್ಯವಾಗಿ ಹೀಗಿರುತ್ತದೆ: 28 ಯೂನಿಟ್‌ನಲ್ಲಿ ಶೇಕಡಾ 20 ಕಳೆದರೆ ಸುಮಾರು 22. ಅದರ ಅರ್ಧ 11 ಬೇಸಲ್, 24 ಗಂಟೆಗೆ ಹಂಚಿದರೆ ಗಂಟೆಗೆ 0.45. ಇನ್ನು 500, 1800 ಇವು ಡಾಕ್ಟರುಗಳು ಬಳಸುವ ರೂಢಿಯ ಅಂಕಿಗಳು: 500 ಅನ್ನು 22ರಿಂದ ಭಾಗಿಸಿದರೆ ಸುಮಾರು 23, ಅಂದರೆ 23 ಗ್ರಾಂ ಕಾರ್ಬ್‌ಗೆ ಒಂದು ಯೂನಿಟ್. 1800 ಅನ್ನು 22ರಿಂದ ಭಾಗಿಸಿದರೆ ಒಂದು ಯೂನಿಟ್ಟಿಗೆ ಶುಗರ್ ಸುಮಾರು 80 ಪಾಯಿಂಟ್ ಇಳಿಯುತ್ತದೆ ಎಂಬ ಲೆಕ್ಕ. ಇದನ್ನು ನೀವೇ ಪಂಪಿಗೆ ತುಂಬಬೇಡಿ, ಡಾಕ್ಟರ್ ರಾತ್ರಿ-ಬೆಳಗ್ಗೆ ಬೇರೆ ಬೇರೆ ಅಂಕಿ ಕೊಡುತ್ತಾರೆ. ಅವರು ಬರೆದದ್ದು ಇದರ ಆಸುಪಾಸಿನಲ್ಲಿ ಇಲ್ಲದಿದ್ದರೆ ಯಾಕೆ ಎಂದು ಕೇಳಲಿಕ್ಕಾಗಿ ಹೇಳಿದೆ.

ಕಾರ್ಬ್ ವಿಷಯದಲ್ಲಿ ಅಜ್ಜಿಯ ಕೈಗೆ ಅಡುಗೆಮನೆಯ ಒಂದು ತಕ್ಕಡಿ ಕೊಡಿ. ಬೆಂದ ಅನ್ನ 100 ಗ್ರಾಂಗೆ ಸುಮಾರು 28 ಗ್ರಾಂ ಕಾರ್ಬ್. ಮುದ್ದೆಯನ್ನು ಉಂಡೆಯ ಗಾತ್ರದಿಂದ ಅಳೆಯಬೇಡಿ, ಹಾಕಿದ ಹಿಟ್ಟನ್ನು ತೂಗಿ: 80 ಗ್ರಾಂ ರಾಗಿ ಹಿಟ್ಟಿಗೆ 55ರ ಆಸುಪಾಸು. ದರ್ಶಿನಿಯಲ್ಲಿ ಇಡ್ಲಿ ಎಣಿಸಿ ಸಾಂಬಾರ್ ಮರೆಯುವವರೇ ಹೆಚ್ಚು. ಬೆಂಗಳೂರು ಸಾಂಬಾರಿನ ಬೆಲ್ಲ ಎರಡು ಬಟ್ಟಲು ಕುಡಿದರೆ ಲೆಕ್ಕಕ್ಕೆ ಬರುತ್ತದೆ. ಮಸಾಲೆ ದೋಸೆ, ತುಪ್ಪ ಸುರಿದ ಒಬ್ಬಟ್ಟು ಇಂಥವು ಎರಡು ಮೂರು ಗಂಟೆಯ ಮೇಲೆ ನಿಧಾನಕ್ಕೆ ಏರಿಸುತ್ತವೆ. ಬೋಲಸ್ಸನ್ನು ಎರಡು ಭಾಗ ಮಾಡಿ ಕೊಡುವ ಡ್ಯುಯಲ್ ವೇವ್ ಇರುವುದೇ ಇದಕ್ಕೆ. ಆದರೆ ಆಟೋ ಮೋಡಿನಲ್ಲಿ ಅದು ಸಿಗುವುದಿಲ್ಲ, ನಂತರದ ಏರಿಕೆಯನ್ನು ಯಂತ್ರವೇ ನೋಡಿಕೊಳ್ಳಬೇಕು. ಶುಗರ್ ಏರಿದೆ ಎಂದು ತಿನ್ನದ ಊಟವನ್ನು ತಿಂದಂತೆ ನಮೂದಿಸಿ ಬೋಲಸ್ ಕೊಡುವ ಚಾಳಿ ಮಾತ್ರ ಬೇಡ, ಒಂದಲ್ಲ ಒಂದು ದಿನ ಜೋರಾಗಿ ಲೋ ಆಗುತ್ತದೆ (ಶುಗರ್ ತೀರಾ ಇಳಿಯುತ್ತದೆ). ಲೋ ಆದಾಗಲೂ ಆಟೋ ಮೋಡಿನಲ್ಲಿ 5-10 ಗ್ರಾಂ ಗ್ಲೂಕೋಸ್ ಹಲವು ಸಲ ಸಾಕು, ಏಕೆಂದರೆ ಪಂಪ್ ಮೊದಲೇ ಇನ್ಸುಲಿನ್ ನಿಲ್ಲಿಸಿರುತ್ತದೆ. ಹಳೇ ಅಭ್ಯಾಸದಲ್ಲಿ 15 ಗ್ರಾಂ ಮೇಲೆ ಬಿಸ್ಕೆಟ್ಟನ್ನೂ ಕೊಟ್ಟರೆ ಗಂಟೆಯೊಳಗೆ 250.

ಇನ್ಸುಲಿನ್ ಕೊಳ್ಳುವಾಗ ಒಂದು ಅಪಾಯ ನಮ್ಮ ದೇಶದಲ್ಲಿ ವಿಶೇಷ. ಮೆಡಿಕಲ್ ಸ್ಟೋರಿನಲ್ಲಿ ಮಿ.ಲೀ.ಗೆ 40 ಯೂನಿಟ್‌ನ ವಯಲ್‌ಗಳು ಧಾರಾಳ ಸಿಗುತ್ತವೆ. ಪಂಪಿಗೆ ಬೇಕಾದದ್ದು ಮಿ.ಲೀ.ಗೆ 100 ಯೂನಿಟ್‌ನ, ಬೇಗ ಕೆಲಸ ಮಾಡುವ ಇನ್ಸುಲಿನ್: ನೊವೊರಾಪಿಡ್, ಹ್ಯೂಮಲಾಗ್ ಥರದ್ದು, ಡಾಕ್ಟರ್ ಬರೆದದ್ದು ಯಾವುದೋ ಅದು. 40ರದ್ದನ್ನು ತುಂಬಿದರೆ ಪಂಪ್ "1 ಯೂನಿಟ್" ಎಂದು ತೋರಿಸುವಾಗ ಮೈಗೆ ಹೋಗುವುದು 0.4. ಅಲಾರಂ ಏನೂ ಬರುವುದಿಲ್ಲ. ಬಿಲ್ ಹಾಕಿಸುವ ಮೊದಲು ಲೇಬಲ್ ಓದಿ.

ತುಂಬುವಾಗ ವಯಲನ್ನು ಅರ್ಧ ಗಂಟೆಗೂ ಮೊದಲೇ ಫ್ರಿಜ್ಜಿನಿಂದ ಹೊರಗಿಡಿ. ತಣ್ಣಗಿದ್ದಾಗ ಕರಗಿದ್ದ ಗಾಳಿ ಮೈಬಿಸಿಗೆ ಗುಳ್ಳೆಯಾಗಿ ಹೊರಬರುತ್ತದೆ. ಗುಳ್ಳೆ ಮೈಯೊಳಗೆ ಹೋದರೆ ಅಪಾಯವಿಲ್ಲ, ಆದರೆ ಅದು ಇನ್ಸುಲಿನ್ನಿನ ಜಾಗ ಕದಿಯುತ್ತದೆ: ರಿಸರ್ವಾಯರಿನಲ್ಲಿ 0.05 ಮಿ.ಲೀ. ಗುಳ್ಳೆ ಅಂದರೆ 5 ಯೂನಿಟ್, ನಿಮ್ಮ ಮಗಳಿಗೆ 11 ಗಂಟೆಯ ಬೇಸಲ್. ನಳಿಕೆಯಲ್ಲಿ ಒಂದಿಂಚು ಗಾಳಿ ಸುಮಾರು ಅರ್ಧ ಯೂನಿಟ್, ಅಂದರೆ ಒಂದು ಗಂಟೆಯದು. ದೊಡ್ಡವರಿಗೆ ಇದು ಗೊತ್ತೂ ಆಗದು, ಮಕ್ಕಳಿಗೆ ಆಗುತ್ತದೆ. 300 ಯೂನಿಟ್ ಹಿಡಿಯುತ್ತದೆಂದು ಪೂರ್ತಿ ತುಂಬಬೇಡಿ. ಮೂರು ದಿನಕ್ಕೆ 66, ನಳಿಕೆಗೆ ಒಂದಷ್ಟು, ಸ್ವಲ್ಪ ಹೆಚ್ಚುವರಿ, ಎಲ್ಲ ಸೇರಿ 95-100 ಸಾಕು.

ಇನ್ನು ಮುಖ್ಯವಾದದ್ದು. ಪಂಪಿನಲ್ಲಿ ಇರುವುದು ಬೇಗ ಕೆಲಸ ಮಾಡುವ ಇನ್ಸುಲಿನ್ ಮಾತ್ರ. ಪೆನ್ನಿನ ಕಾಲದಲ್ಲಿ ರಾತ್ರಿಯ ಲಾಂಗ್ ಆಕ್ಟಿಂಗ್ (ದೀರ್ಘಕಾಲ ಕೆಲಸ ಮಾಡುವ) ಇನ್ಸುಲಿನ್ ಮೈಯಲ್ಲಿ ಇರುತ್ತಿತ್ತು, ಈಗ ಅದು ಇಲ್ಲ. ಹರಿವು ನಿಂತ ಕೆಲವೇ ಗಂಟೆಯಲ್ಲಿ ಕೀಟೋನ್ ಏಳಲು ಶುರು. "ಬ್ಲಾಕ್ ಆದರೆ ಅಲಾರಂ ಬರುತ್ತದೆ" ಎನ್ನುವ ಮಾತು ಅರ್ಧ ಸತ್ಯ. ಪಂಪಿಗೆ ತಿಳಿಯುವುದು ಒತ್ತಡವೊಂದೇ. ಗಂಟೆಗೆ 0.45 ಯೂನಿಟ್ ಹೋಗುವ ಮಗುವಿನಲ್ಲಿ ಆ ಒತ್ತಡ ಕಟ್ಟಲು ಕೆಲವು ಗಂಟೆಗಳೇ ಬೇಕು. ಕ್ಯಾನುಲಾ ಚರ್ಮದಿಂದ ಹೊರಬಂದು ಇನ್ಸುಲಿನ್ ಪ್ಲಾಸ್ಟರಿನ ಕೆಳಗೆ ಸೋರುತ್ತಿದ್ದರೆ ಒತ್ತಡವೇ ಇಲ್ಲ, ಅಲಾರಂ ಎಲ್ಲಿಂದ ಬಂದೀತು? ಪ್ಲಾಸ್ಟರ್ ಹತ್ತಿರ ಮೂಗು ಹಿಡಿದು ನೋಡಿ, ಸೋರಿದ ಇನ್ಸುಲಿನ್ ಆಸ್ಪತ್ರೆಯ ಫಿನಾಯಿಲಿನಂಥ ವಾಸನೆ ಹೊಡೆಯುತ್ತದೆ.

ಕಾರಣ ತಿಳಿಯದೆ ಶುಗರ್ 250 ದಾಟಿದರೆ ಒಂದು ಸಲ ಪಂಪಿನಿಂದಲೇ ಕರೆಕ್ಷನ್ ಕೊಡಿ. ಒಂದೂವರೆ ಗಂಟೆಯಲ್ಲಿ ಇಳಿಯಲಿಲ್ಲವೇ, ಎರಡನೇ ಸಲ ಪಂಪನ್ನು ನಂಬಬೇಡಿ. ಕೀಟೋನ್ ನೋಡಿ, ಪೆನ್ನಿನಲ್ಲಿ ಕರೆಕ್ಷನ್ ಚುಚ್ಚಿ, ಆಮೇಲೆ ಸೆಟ್, ರಿಸರ್ವಾಯರ್ ಎರಡನ್ನೂ ಬದಲಿಸಿ. ಈ ಕ್ರಮ ತಪ್ಪಬಾರದು. ಮೊದಲು ಸೆಟ್ ಬದಲಿಸಲು ಕೂತರೆ ಇನ್ನೂ ಅರ್ಧ ಗಂಟೆ ಇನ್ಸುಲಿನ್ ಇಲ್ಲದೆ ಹೋಗುತ್ತದೆ. ರಕ್ತದ ಕೀಟೋನ್ 0.6ಕ್ಕಿಂತ ಕಡಿಮೆ ಇದ್ದರೆ ಸರಿ. 1.5 ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ. 3 ಮುಟ್ಟಿದರೆ, ಅಥವಾ ಅಂಕಿ ಎಷ್ಟೇ ಇರಲಿ ವಾಂತಿ ಶುರುವಾದರೆ, ಆಸ್ಪತ್ರೆ. ಸಂಜೆ ಆರರ ಟ್ರಾಫಿಕ್ಕಿನಲ್ಲಿ ದೂರದ ಪರಿಚಯದ ಆಸ್ಪತ್ರೆಗೆ ಹೊರಡುವುದಕ್ಕಿಂತ, ಮಕ್ಕಳ ತುರ್ತು ಚಿಕಿತ್ಸೆ ಇರುವ ಹತ್ತಿರದ್ದು ಯಾವುದು ಎಂದು ಇವತ್ತೇ ಗೊತ್ತುಮಾಡಿಕೊಳ್ಳಿ.

ಪಂಪೇ ಸತ್ತರೆ ಲಾಂಗ್ ಆಕ್ಟಿಂಗ್ ಪೆನ್ನಿಗೆ ವಾಪಸ್. ಡೋಸ್ ಹೆಚ್ಚುಕಡಿಮೆ ಪಂಪಿನ ದಿನದ ಬೇಸಲ್ ಮೊತ್ತ. ಅದು ಹಿಡಿಯಲು ಒಂದೆರಡು ಗಂಟೆ ಬೇಕಾದ್ದರಿಂದ ಮಧ್ಯೆ ಬೇಗ ಕೆಲಸ ಮಾಡುವ ಪೆನ್ನೂ ಬೇಕು. ಎಷ್ಟೆಷ್ಟು ಎಂದು ಡಾಕ್ಟರ ಕೈಯಲ್ಲಿ ಬರೆಸಿ, ಪಂಪಿನ ಸೆಟ್ಟಿಂಗುಗಳ ಫೋಟೊ ಜೊತೆಗೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಬದಲಿ ಪಂಪ್ ಬಂದಾಗ ಸೆಟ್ಟಿಂಗ್ ಖಾಲಿ ಇರುತ್ತದೆ. ಪೆನ್ನುಗಳ ಎಕ್ಸ್‌ಪೈರಿ ಆಗಾಗ ನೋಡುತ್ತಿರಿ, ಬಳಸದ ಪೆನ್ ಬಾಗಿಲ ಮೂಲೆಯಲ್ಲೇ ಹಳೆಯದಾಗಿಬಿಡುತ್ತದೆ.

ಸೆಟ್ಟನ್ನು ರಾತ್ರಿ ಮಲಗುವ ಮೊದಲು ಬದಲಿಸಬೇಡಿ. ಊಟಕ್ಕೆ ಮುಂಚೆ ಹಾಕಿದರೆ ಊಟದ ಬೋಲಸ್ ಹರಿದು, ಎರಡು ಗಂಟೆಯ ಶುಗರ್ ನೋಡಿದಾಗ ಸರಿ ಕೂತಿದೆಯೋ ಇಲ್ಲವೋ ತಿಳಿಯುತ್ತದೆ. ಹೊಟ್ಟೆಯಲ್ಲಿ ಹೊಕ್ಕುಳಿಂದ ಎರಡಿಂಚು ಬಿಟ್ಟು, ತೊಡೆ, ಸೊಂಟದ ಹಿಂಬದಿಯ ಕೆಳಭಾಗ, ಹೀಗೆ ಜಾಗ ಸುತ್ತಿಸಿ. ನೋವಾಗುವುದಿಲ್ಲ ಎಂದು ಮಕ್ಕಳು ಗಂಟು ಕಟ್ಟಿದ ಜಾಗವನ್ನೇ ತೋರಿಸುತ್ತಾರೆ, ಅಲ್ಲಿ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಮಗು ತೆಳ್ಳಗಿದ್ದು 6 ಮಿ.ಮೀ. ಮೆತ್ತನೆ ಕ್ಯಾನುಲಾ ಪದೇ ಪದೇ ಮಡಚಿದರೆ ಓರೆಯಾಗಿ ಹೋಗುವ ಸೆಟ್ಟನ್ನೋ ಸ್ಟೀಲ್ ಸೂಜಿಯದ್ದನ್ನೋ ಕೇಳಿ. ಸ್ಟೀಲಿನದ್ದು ಎರಡು ದಿನಕ್ಕೇ ಬದಲಿಸಬೇಕು, ಮೇಲಿನ ಲೆಕ್ಕ ಅಷ್ಟು ಏರುತ್ತದೆ.

ಮೆಟ್ರೊದ ಚೆಕಿಂಗಿನಲ್ಲಿ ಲೋಹ ಪತ್ತೆ ಮಾಡುವ ಬಾಗಿಲು ದಾಟಿದರೆ ಏನೂ ಆಗುವುದಿಲ್ಲ, ಆದರೆ ಪಂಪನ್ನು ಬಿಚ್ಚಿ ಬ್ಯಾಗಿನ ಎಕ್ಸ್‌ರೇ ಯಂತ್ರದೊಳಗೆ ಹಾಕಬಾರದು. ಎಕ್ಸ್‌ರೇ, ಸಿಟಿ, ಎಂಆರ್‌ಐ ಕೋಣೆಗೆ ಹೋಗುವ ಮುಂಚೆ ಪಂಪ್, ಸೆನ್ಸರ್ ಎರಡೂ ಹೊರಗೆ. ಆಟ, ಈಜು, ಸ್ನಾನಕ್ಕೆ ಒಂದು ಗಂಟೆಯವರೆಗೆ ಬಿಚ್ಚಿಡಬಹುದು. ಬಿಚ್ಚಿದ್ದನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಇನ್ಸುಲಿನ್ ಕೆಡುತ್ತದೆ.

ಕೊಳ್ಳುವ ಮೊದಲು ಕೆಲವು ದಿನ ಸಲೈನ್ ತುಂಬಿ ಹಾಕಿಕೊಂಡು ನೋಡಲು ಕೊಡುತ್ತಾರಾ ಎಂದು ಕೇಳಿ. ಸೊಂಟದಲ್ಲಿ ನಳಿಕೆ ಸಮೇತ ಮಲಗಲು ಮಗಳಿಗೆ ಇಷ್ಟವಿಲ್ಲದಿದ್ದರೆ ಅಲ್ಲೇ ಗೊತ್ತಾಗುತ್ತದೆ, ಅವಳ ಮಾತಿಗೆ ಬೆಲೆ ಕೊಡಿ. ಟ್ರೈನಿಂಗ್ ಕೊಡುವವರು ಕನ್ನಡದಲ್ಲಿ ಅಜ್ಜಿಗೂ ಕಲಿಸಬೇಕು ಎಂದು ಹಟ ಹಿಡಿಯಿರಿ. ಡಾಕ್ಟರನ್ನು ಕೇಳಬೇಕಾದದ್ದು: ನಿಮ್ಮಲ್ಲಿ ಪಂಪಿನ ಮಕ್ಕಳು ಎಷ್ಟು ಜನ, ರಾತ್ರಿ ಫೋನ್ ಎತ್ತುವವರು ಯಾರು. ಎರಡನೇ ಅಭಿಪ್ರಾಯ ಬೇಕೆನಿಸಿದರೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ನಿಮ್ಮ ಮನೆಯಿಂದ ತುಂಬ ದೂರವೇನಿಲ್ಲ.

ಹಳೇ ಪಂಪಿನ ಬಗ್ಗೆ: ನಾನಾದರೆ ಕೊಳ್ಳುವುದಿಲ್ಲ. ವಾರಂಟಿ ನಿಮ್ಮ ಹೆಸರಿಗೆ ಬರುತ್ತದೆಂಬ ಖಾತ್ರಿ ಇಲ್ಲ, ಆ ಮಾಡೆಲಿಗೆ ಸೆನ್ಸರ್ ಎಷ್ಟು ದಿನ ಸಿಗುತ್ತದೆ ಎಂಬುದಕ್ಕೂ ಖಾತ್ರಿ ಇಲ್ಲ. ಅದರಲ್ಲೂ ಮಿನಿಮೆಡ್ 600 ಸರಣಿಯದ್ದಾದರೆ ರಿಸರ್ವಾಯರ್ ಕೂರುವ ಬಾಯಿಯ ಉಂಗುರವನ್ನು ನೋಡಿ. ಪಾರದರ್ಶಕ ಉಂಗುರದವು ಮುರಿದು ಇನ್ಸುಲಿನ್ ಹೆಚ್ಚುಕಡಿಮೆ ಹೋಗಬಹುದೆಂದು 2019ರಲ್ಲಿ ರೀಕಾಲ್ ಆಗಿ, 2021ರಲ್ಲಿ ಆ ಉಂಗುರದ ಎಲ್ಲ ಪಂಪ್‌ಗಳಿಗೂ ವಿಸ್ತರಿಸಿತು. ಬದಲಿಗೆ ಕೊಟ್ಟವುಗಳ ಉಂಗುರ ಕಪ್ಪು. ಮಾರುವವರು ಕಳಿಸಿದ ಫೋಟೊದಲ್ಲಿ ಆ ಬಾಯಿ ಕಾಣದಿದ್ದರೆ ಇನ್ನೊಂದು ಫೋಟೊ ಕೇಳಿ.