ದೊಡ್ಡ ಡಬ್ಬದ ಅಗ್ಗದ .22 ತೋಟೆ ನಂಬಬಹುದಾ? ನನ್ನ ರೈಫಲ್ಲಿನ ನಳಿಗೆ ಹೋದ ಕಥೆ

ಹೊಸದಾಗಿ .22 ರೈಫಲ್ (ಅಂದರೆ ಬಹಳ ಸಣ್ಣ ಗುಂಡಿನದು) ತಗೊಂಡಿದ್ದೀರಿ. ಐನೂರು ಚಿಲ್ಲರೆ ತೋಟೆ ಬರುವ ಅಗ್ಗದ ಡಬ್ಬಗಳಲ್ಲಿ ಯಾವುದು ಕೈಕೊಡುವುದಿಲ್ಲ, ಅದರಲ್ಲೇ 50 ಗಜಕ್ಕೆ ಒಂದು ಇಂಚಿನೊಳಗೆ ಹೊಡೆಯಬಹುದಾ ಅಂತ ಕೇಳಿದ್ದೀರಿ. 2019ರಲ್ಲಿ ನಾನೂ ಇದನ್ನೇ ಕೇಳಿಕೊಂಡು ಓಡಾಡಿದ್ದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನ ಊರು ಕೊಡಗು, ಇರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ. ಗ್ರೀನ್ ಕಾರ್ಡ್ ಬರುವವರೆಗೂ ಇಲ್ಲಿ ಕೋವಿ ಕೊಳ್ಳುವ ಆಸೆಯನ್ನು ಕಟ್ಟಿಟ್ಟಿದ್ದೆ. (ಎಚ್‌1ಬಿಯಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ಆ ವೀಸಾದಲ್ಲಿ ಕೋವಿಯನ್ನೂ ತೋಟೆಯನ್ನೂ ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನು ಬಿಡುವುದಿಲ್ಲ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಇವೆ, ಆದರೆ ವಕೀಲರನ್ನು ಕೇಳದೆ ಒಂದು ಹೆಜ್ಜೆಯೂ ಇಡಬೇಡಿ.) ಕಾರ್ಡ್ ಬಂದ ವಾರವೇ ಹೋಗಿ ರೂಗರ್ 10/22 ತಂದೆ. 1964ರಿಂದ ಬರುತ್ತಿರುವ ರೈಫಲ್, ಬಿಡಿಭಾಗ ಎಲ್ಲಾ ಕಡೆ ಸಿಗುತ್ತದೆ. ಜೊತೆಗೆ 525 ತೋಟೆಯ ಎರಡು ಡಬ್ಬ. ಒಂದು ತೋಟೆಗೆ ನಾಲ್ಕೋ ಐದೋ ಸೆಂಟ್ ಬೀಳುತ್ತಿತ್ತು. ಒಂದು ಸಿನಿಮಾ ಟಿಕೆಟ್ಟಿನ ದುಡ್ಡಿಗೆ ಇಡೀ ಮಧ್ಯಾಹ್ನ ಗುರಿ ಹೊಡೆಯಬಹುದಲ್ಲ ಅಂತ ಬಹಳ ಖುಷಿಯಾಗಿತ್ತು.

ಮನೆಗೆ ಬಂದು ಡಬ್ಬ ತೆಗೆದರೆ ತೋಟೆಗಳನ್ನು ಹುರಿಗಡಲೆ ಸುರಿದ ಹಾಗೆ ಸುರಿದಿದ್ದರು. ಕೈ ಹಾಕಿ ಒಂದು ಹಿಡಿ ತೆಗೆದರೆ ಬೆರಳೆಲ್ಲಾ ಮೇಣ ಮೇಣ, ಕಪ್ಪು. ಇಂಥ .22 ತೋಟೆಯ ತುದಿಯಲ್ಲಿರುವ ಗುಂಡು ಸಾಮಾನ್ಯವಾಗಿ ಮೆತ್ತನೆಯ ಸೀಸ, ಹೊರಗಡೆ ಮೇಣ ಹಚ್ಚಿರುತ್ತಾರೆ. ಸಡಿಲವಾಗಿ ಸುರಿದ ಡಬ್ಬದಲ್ಲಿ ಅವು ಒಂದಕ್ಕೊಂದು ಬಡಿದು ಕೆಲವದರ ಮೂತಿ ಚಪ್ಪಟೆಯಾಗಿತ್ತು, ಕೆಲವದರ ಮೇಣ ಒರೆಸಿಹೋಗಿತ್ತು. ಅವತ್ತು ಅದನ್ನು ನೋಡಿಯೂ ಏನೂ ಅನ್ನಿಸಲಿಲ್ಲ.

ಮೊದಲ ದಿನ ನೂರು ಹೊಡೆದರೆ ನಾಲ್ಕೈದು ಸಲ ಬರೀ ಕ್ಲಿಕ್. ರೇಂಜಿನಲ್ಲಿದ್ದ (ಗುರಿ ಅಭ್ಯಾಸದ ಮೈದಾನ) ಹಳಬರೊಬ್ಬರು ಆ ತೋಟೆಯನ್ನು ಹೊರಗೆ ತೆಗೆಸಿ, ಸ್ವಲ್ಪ ತಿರುಗಿಸಿ ಮತ್ತೆ ಹಾಕಲು ಹೇಳಿದರು. ಹಾಕಿದೆ, ಹಾರಿತು! ಕಾರಣವನ್ನೂ ಅವರೇ ಹೇಳಿಕೊಟ್ಟರು. ದೊಡ್ಡ ತೋಟೆಗಳ ಹಿಂದೆ, ನಡುವೆ, ಕಿಡಿಮದ್ದಿನ (ಏಟು ಬಿದ್ದಾಗ ಕಿಡಿ ಹತ್ತಿ ಒಳಗಿನ ಮದ್ದಿಗೆ ಬೆಂಕಿ ಕೊಡುವುದು) ಪುಟ್ಟ ಬಟ್ಟಲು ಬೇರೆಯೇ ಇರುತ್ತದೆ. .22ರಲ್ಲಿ ಅದಿಲ್ಲ. ತೋಟೆಯ ಬುಡದ ಅಂಚು ಒಳಗೆ ಟೊಳ್ಳು. ಹಸಿ ಕಿಡಿಮದ್ದನ್ನು ಒಳಗೆ ಹಾಕಿ ಗಿರ‍್ರನೆ ತಿರುಗಿಸಿ ಆ ಅಂಚಿನ ಸುತ್ತ ಹರಡುತ್ತಾರೆ. ಎಲ್ಲಾ ಕಡೆ ಸಮವಾಗಿ ಹರಡದೆ ಒಂದು ಕಡೆ ಖಾಲಿ ಉಳಿದು, ಸರಿಯಾಗಿ ಅಲ್ಲೇ ರೈಫಲ್ಲಿನ ಪಿನ್ ಬಡಿದರೆ ಕಿಡಿ ಹತ್ತುವುದಿಲ್ಲ. ತಿರುಗಿಸಿ ಹಾಕಿದರೆ ಪಿನ್ ಬೇರೆ ಜಾಗಕ್ಕೆ ಬಡಿಯುತ್ತದೆ, ಹತ್ತುತ್ತದೆ. ಅಗ್ಗದ ತೋಟೆಯಲ್ಲಿ ಈ ಕೆಲಸ ಅವಸರದಲ್ಲಿ ಆಗಿರುತ್ತದೆ, ಅಷ್ಟೇ.

ಕಾರಣ ಗೊತ್ತಾದ ಮೇಲೆ ಕ್ಲಿಕ್ ಬಗ್ಗೆ ಇದ್ದ ಭಯ ಹೋಯಿತು. ನನ್ನ ತಪ್ಪು ಶುರುವಾದದ್ದು ಅಲ್ಲಿಂದ.

ಇಲ್ಲಿ ಆಪಲ್‌ಸೀಡ್ ಅಂತ ರೈಫಲ್ ಗುರಿಯ ಒಂದು ತರಬೇತಿ ನಡೆಯುತ್ತದೆ, ನೀವೂ ಕೇಳಿರಬಹುದು. ಅದರ ಪರೀಕ್ಷೆಗೆ 25 ಮೀಟರ್ ದೂರ, 40 ತೋಟೆ, 250 ಅಂಕ. 210 ಮುಟ್ಟಿದರೆ ರೈಫಲ್‌ಮನ್ ಅನ್ನುವ ಬಟ್ಟೆಯ ಬ್ಯಾಡ್ಜ್ ಸಿಗುತ್ತದೆ. ಅದಕ್ಕೆ ಹೋಗುವ ಮೊದಲು ನಾನೊಬ್ಬನೇ ರೇಂಜಿನಲ್ಲಿ ಅದೇ ಗುರಿಹಾಳೆ ಇಟ್ಟುಕೊಂಡು, ಫೋನಿನಲ್ಲಿ ಟೈಮರ್ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೆ. ಕೂತು ಹೊಡೆಯುವ ಸುತ್ತಿನಲ್ಲಿ 55 ಸೆಕೆಂಡಿಗೆ ಹತ್ತು, ಅದರ ನಡುವೆ ಮ್ಯಾಗಜೀನ್ (ತೋಟೆ ತುಂಬಿಡುವ ಪೆಟ್ಟಿಗೆ) ಬೇರೆ ಬದಲಾಯಿಸಬೇಕು. ಮಲಗಿ ಹೊಡೆಯುವುದಕ್ಕೆ 65 ಸೆಕೆಂಡ್. ನಡುವೆ ಒಂದು ಕ್ಲಿಕ್ ಬಂದರೆ ಮೂರು ನಾಲ್ಕು ಸೆಕೆಂಡ್ ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಕ್ಲಿಕ್ ಅಂದ ಕೂಡಲೇ ಬೋಲ್ಟ್ (ಹಳೆಯ ತೋಟೆ ಹೊರಗೆಳೆದು ಹೊಸದನ್ನು ಒಳಗೆ ತಳ್ಳುವ ಭಾಗ) ಎಳೆಯುವುದು, ಮುಂದಿನದು ಹೊಡೆಯುವುದು, ಇದನ್ನು ಕೈಗೆ ರೂಢಿ ಮಾಡಿಸಿದೆ. ಕಣ್ಣು ಗುರಿ ಬಿಟ್ಟು ಕದಲುತ್ತಿರಲಿಲ್ಲ. ಎರಡು ತಿಂಗಳಲ್ಲಿ ಎಷ್ಟು ಚೆನ್ನಾಗಿ ರೂಢಿಯಾಯಿತೆಂದರೆ ಕ್ಲಿಕ್ ಆದದ್ದು ನನಗೆ ಗೊತ್ತಾಗುವ ಮೊದಲೇ ಕೈ ಎಳೆದಾಗಿರುತ್ತಿತ್ತು.

2020ರ ಫೆಬ್ರವರಿ, ಒಂದು ಶನಿವಾರ ಬೆಳಿಗ್ಗೆ. ಮಲಗಿ ಹೊಡೆಯುವ ಸುತ್ತು. ಆರನೆಯದೋ ಏಳನೆಯದೋ ಇರಬೇಕು. ಟ್ರಿಗರ್ ಒತ್ತಿದಾಗ ಬಂದದ್ದು ಕ್ಲಿಕ್ ಅಲ್ಲ, ಢಂ ಅಂತಲೂ ಅಲ್ಲ. ‘ಟಪ್’ ಅಂತ, ಒದ್ದೆ ಪಟಾಕಿ ಹೊಡೆದ ಹಾಗೆ ಒಂದು ಸಣ್ಣ ಸದ್ದು. ನಾನು ಅದನ್ನು ಕೇಳಿಸಿಕೊಂಡೆ, ಇದನ್ನು ಒತ್ತಿ ಹೇಳುತ್ತೇನೆ. ಕೇಳಿಸಲಿಲ್ಲ ಅಂತಲ್ಲ. ಬೇರೆ ಸದ್ದು ಅಂತ ಗೊತ್ತಾಯಿತು, ಆದರೆ ಕೈ ಆಗಲೇ ಬೋಲ್ಟ್ ಎಳೆದಿತ್ತು, ಹೊಸ ತೋಟೆ ಒಳಗೆ ಹೋಗಿತ್ತು, ಟೈಮರ್ ಓಡುತ್ತಿತ್ತು. ಹೊಡೆದೆ.

ಈ ಸಲ ಬಂದದ್ದು ಮಂಕಾದ, ಭಾರವಾದ ಸದ್ದು. ಕೆನ್ನೆಗೆ ಬಿಸಿ ಗಾಳಿ ಹೊಡೆಯಿತು. ಕನ್ನಡಕದ ಮೇಲೆ ಎಣ್ಣೆಯ ಸಣ್ಣ ಸಣ್ಣ ಚುಕ್ಕೆ. ಪಕ್ಕದ ಬೆಂಚಿನಲ್ಲಿದ್ದ ಅಜ್ಜ ಜೋರಾಗಿ ಕೂಗಿ ನಿಲ್ಲಿಸಿದರು. ಅವರು ‘ಟಪ್’ ಅಂದಾಗಲೇ ತಲೆ ಎತ್ತಿದ್ದರಂತೆ, ಆದರೆ ಅವರು ಬಾಯಿ ತೆರೆಯುವಷ್ಟರಲ್ಲಿ ನಾನು ಮುಂದಿನದನ್ನು ಹೊಡೆದಾಗಿತ್ತು.

ರೈಫಲ್ ಖಾಲಿ ಮಾಡಿ ಬೋಲ್ಟ್ ತೆರೆದಿಟ್ಟು, ಇಬ್ಬರೂ ಚಾಪೆಯ ಮೇಲೆ ಬಿದ್ದಿದ್ದನ್ನೆಲ್ಲಾ ಒಂದೊಂದಾಗಿ ಹೆಕ್ಕಿದೆವು. ಅಜ್ಜ ಹುಡುಕುತ್ತಿದ್ದದ್ದು ಒಂದೇ: ತುದಿಯಲ್ಲಿ ಗುಂಡು ಇರುವ ತೋಟೆ. ಸುಮ್ನೆ ಹತ್ತದೇ ಹೋದ ತೋಟೆಯನ್ನು ನಾನು ಎಳೆದು ಹೊರಹಾಕಿದ್ದರೆ ಅದು ಗುಂಡಿನ ಸಮೇತ ಅಲ್ಲೇ ಬಿದ್ದಿರಬೇಕು, ಅಲ್ವಾ? ಒಂದೂ ಇರಲಿಲ್ಲ. ಎಲ್ಲವೂ ಖಾಲಿ ಹಿತ್ತಾಳೆ ಕೊಳವೆ. ಅಂದರೆ ಆ ‘ಟಪ್’ ಅಂದ ತೋಟೆಯಲ್ಲಿ ಕಿಡಿ ಹತ್ತಿತ್ತು, ಮದ್ದು ಇರಲಿಲ್ಲ ಅಥವಾ ಸಾಲದಷ್ಟಿತ್ತು. ಕಿಡಿಯ ಬಲಕ್ಕೇ ಗುಂಡು ನಳಿಗೆಯೊಳಗೆ ಸ್ವಲ್ಪ ದೂರ ಹೋಗಿ ಸಿಕ್ಕಿಹಾಕಿಕೊಂಡಿತ್ತು. ಅದರ ಬೆನ್ನಿಗೆ ನಾನು ಇನ್ನೊಂದನ್ನು ಹೊಡೆದೆ.

ಮನೆಗೆ ಬಂದು ಕಡ್ಡಿಗೆ ಬಟ್ಟೆ ಸಿಕ್ಕಿಸಿ ನಳಿಗೆಯಲ್ಲಿ ತಳ್ಳಿದೆ. ಬಿಗಿಯಾಗಿ ಹೋಗುತ್ತಿದ್ದದ್ದು ಒಂದು ಕಡೆ ಇದ್ದಕ್ಕಿದ್ದ ಹಾಗೆ ಸಡಿಲವಾಯಿತು, ಆಮೇಲೆ ಮತ್ತೆ ಬಿಗಿ. ಟಾರ್ಚ್ ಹಿಡಿದು ನೋಡಿದರೆ ಹೊಳೆಯುವ ನಳಿಗೆಯ ನಡುವೆ ಕಪ್ಪು ಬಳೆ ಇಟ್ಟ ಹಾಗೆ ಒಂದು ಉಂಗುರ. ಹೊರಗಿನಿಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಕಣ್ಣು ಮುಚ್ಚಿ ಬೆರಳು ಸವರಿದರೆ ಅಲ್ಲಿ ಉಬ್ಬಿರುವುದು ಗೊತ್ತಾಗುತ್ತದೆ. ಅದಾದ ಮೇಲೆ 50 ಗಜಕ್ಕೆ ಐದು ಗುಂಡು ನಾಲ್ಕು ಇಂಚಿಗೆ ಹರಡತೊಡಗಿತು. ಹೊಸ ನಳಿಗೆಗೆ 180 ಡಾಲರ್ ಕೊಟ್ಟೆ. 10/22ರಲ್ಲಿ ನಳಿಗೆ ಎರಡು ಸ್ಕ್ರೂ ಮೇಲೆ ನಿಂತಿರುವುದರಿಂದ ಅಡುಗೆಮನೆ ಟೇಬಲ್ಲಿನ ಮೇಲೆ ನಾನೇ ಬದಲಾಯಿಸಿಕೊಂಡೆ. ಎರಡು ಡಬ್ಬದಲ್ಲಿ ಉಳಿಸಿದ್ದಕ್ಕಿಂತ ಎಷ್ಟೋ ಜಾಸ್ತಿ ಹೋಯಿತು. ಕಣ್ಣು ಉಳಿಯಿತು, ಅದಕ್ಕೆ ಆ ಕನ್ನಡಕವೇ ಕಾರಣ.

ಇದನ್ನು ಹೇಳಿದಾಗ ಎಲ್ಲರೂ ಕೇಳುವುದು ಯಾವ ಕಂಪನಿಯ ಡಬ್ಬ ಅಂತ. ಅದು ಮುಖ್ಯ ಅಲ್ಲ, ಹಾಗಾಗಿ ಹೇಳುವುದೂ ಇಲ್ಲ. ಕೋಟಿಗಟ್ಟಲೆ ಮಾಡುವಾಗ ಎಲ್ಲೋ ಒಂದು ತೋಟೆಗೆ ಮದ್ದು ಬೀಳದೆ ಹೋಗುತ್ತದೆ, ದುಬಾರಿಯದರಲ್ಲೂ ಆಗಬಹುದು. ಕೆಟ್ಟ ತೋಟೆ ಬರುವುದು ನನ್ನ ತಪ್ಪಲ್ಲ. ಕೆಟ್ಟ ತೋಟೆಗೆ ಒಗ್ಗಿಹೋದದ್ದು ನನ್ನ ತಪ್ಪು. ನೂರಕ್ಕೆ ಐದು ಕೈಕೊಡುವ ಡಬ್ಬ ನಿಮ್ಮ ಕೈಗೆ ಕಲಿಸುವುದು ಏನು? ಸದ್ದು ಸರಿಯಿಲ್ಲದಿದ್ದರೆ ನಿಲ್ಲಬೇಡ, ಎಳೆ, ಹೊಡೆ ಅಂತ. ನೂರು ಸಲ ಆ ಪಾಠ ಸರಿ ಅನ್ನಿಸುತ್ತದೆ. ನೂರಾ ಒಂದನೆಯ ಸಲ ನಳಿಗೆಯೊಳಗೆ ಗುಂಡು ಇರುತ್ತದೆ. ವರ್ಷಕ್ಕೊಮ್ಮೆ ಕ್ಲಿಕ್ ಅನ್ನುವ ತೋಟೆ ಹೊಡೆಯುತ್ತಿದ್ದಿದ್ದರೆ ಆ ‘ಟಪ್’ ಕೇಳಿದಾಗ ನಾನು ಖಂಡಿತ ನಿಲ್ಲುತ್ತಿದ್ದೆ, ಯಾಕೆಂದರೆ ಹೊಸದೇನೋ ಆಯಿತು ಅಂತ ಗಾಬರಿಯಾಗುತ್ತಿತ್ತು.

ಊರಲ್ಲಿ ನಮ್ಮ ಅಜ್ಜನ ಹತ್ತಿರ ಒಂಟಿ ನಳಿಗೆಯ ಕೋವಿ ಇತ್ತು. ಕೈಲ್‌ಪೊದ್ ಹಬ್ಬದ (ಕೊಡಗಿನ ಆಯುಧಪೂಜೆ) ದಿನ ತೆಂಗಿನಕಾಯಿಗೆ ಗುರಿ ಹೊಡೆಯುವಾಗ ಎಲ್ಲರೂ ಅವಸರ ಮಾಡುತ್ತಿದ್ದರೂ ಅವರು ಪ್ರತಿ ಈಡು ಆದ ಮೇಲೆ ಕೋವಿ ತೆರೆದು, ನಳಿಗೆಯನ್ನು ಆಕಾಶಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿ, ಆಮೇಲೆಯೇ ಮುಂದಿನ ತೋಟೆಗೆ ಕೈ ಹಾಕುತ್ತಿದ್ದರು. ಮಳೆಗಾಲದ ಥಂಡಿಗೆ ತೋಟೆ ಹಾಳಾಗುವ ಊರು, ಅವರಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ನೂರು ಸಲ ನೋಡಿದ್ದೇನೆ. ಅದು ಮುದುಕರ ಚಾಳಿ ಅಂದುಕೊಂಡಿದ್ದೆ.

ಈಗ ನಾನು ಮಾಡುವುದು ಹೀಗೆ. ಕ್ಲಿಕ್ ಅಂದರೆ ರೈಫಲ್ ಗುರಿಯ ಕಡೆಗೇ ಇಟ್ಟು 30 ಸೆಕೆಂಡ್ ಎಣಿಸುತ್ತೇನೆ, ತಡವಾಗಿ ಹತ್ತುವ ತೋಟೆಯೂ ಇರುತ್ತದೆ. ಆಮೇಲೆ ತೆಗೆದು, ತುದಿಯಲ್ಲಿ ಗುಂಡು ಇದೆಯಾ ಅಂತ ಕಣ್ಣಾರೆ ನೋಡುತ್ತೇನೆ. ಗುಂಡು ಇಲ್ಲ ಅಂದರೆ, ಅಥವಾ ಸದ್ದು ಸಣ್ಣದಾಗಿ ಬಂದಿದ್ದರೆ, ಅವತ್ತಿನ ಅಭ್ಯಾಸ ಅಲ್ಲಿಗೆ ನಿಂತಿತು. ಮ್ಯಾಗಜೀನ್ ಹೊರಗೆ, ಬೋಲ್ಟ್ ತೆರೆದು, ಒಳಗೆ ತೋಟೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು ನಳಿಗೆಗೆ ಕಡ್ಡಿ ಹಾಕಿ ನೋಡುವುದು. 10/22ರ ಹಿಂಭಾಗ ಮುಚ್ಚಿರುವುದರಿಂದ ಹಿಂದಿನಿಂದ ನೇರವಾಗಿ ಇಣುಕಲು ಆಗುವುದಿಲ್ಲ, ಹಾಗಾಗಿ ಚೀಲದಲ್ಲಿ ಕಡ್ಡಿ ಇರಲೇಬೇಕು. ಗುಂಡು ಸಿಕ್ಕಿಕೊಂಡಿದ್ದರೆ ಗನ್‌ಸ್ಮಿತ್ (ಕೋವಿ ರಿಪೇರಿಯವರು) ಹತ್ತಿರ ಹೋಗಿ. ಇನ್ನೊಂದು ಹೊಡೆದು ಅದನ್ನು ಆಚೆ ತಳ್ಳುವ ಯೋಚನೆ ಮಾತ್ರ ಬೇಡವೇ ಬೇಡ.

ಇನ್ನು ಗುರಿಯ ವಿಷಯ. ನನ್ನ ರೈಫಲ್ಲಿನಲ್ಲಿ ಆ ಡಬ್ಬದ ಐದು ತೋಟೆ ಹೊಡೆದರೆ ಮೂರು ಒಂದು ಇಂಚಿನೊಳಗೆ, ಉಳಿದೆರಡು ಎಲ್ಲೋ. ಆ ಎರಡು ನನ್ನ ತಪ್ಪಾ, ತೋಟೆಯದಾ? ಹೊಸಬರಿಗೆ ಹೇಗೆ ಗೊತ್ತಾಗಬೇಕು? ನಾನು ಸುಮ್ನೆ ಸ್ಕೋಪ್ ತಿರುಗಿಸಿದೆ, ಉಸಿರು ಬದಲಾಯಿಸಿದೆ, ಟ್ರಿಗರ್ ಒತ್ತುವ ಬೆರಳನ್ನು ಅನುಮಾನಿಸಿದೆ. ಹಾಗಾಗಿ ‘ಕಲಿಯುವಾಗ ಅಗ್ಗದ್ದು ಸಾಕು, ಕಲಿತ ಮೇಲೆ ಒಳ್ಳೆಯದು’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅದು ತಲೆಕೆಳಗು. ಕಲಿತವರು ಕೆಟ್ಟ ತೋಟೆ ಬಂದರೆ ಗುರುತಿಸುತ್ತಾರೆ, ಕಲಿಯುವವರಿಗೆ ಆಗುವುದಿಲ್ಲ. ತಿಂಗಳಿಗೆ 500 ಕೆಟ್ಟದ್ದು ಹೊಡೆಯುವ ಬದಲು 200 ಒಳ್ಳೆಯದನ್ನು ನಿಧಾನವಾಗಿ ಹೊಡೆಯಿರಿ.

‘ಯಾವ ಬ್ರಾಂಡ್’ ಅನ್ನುವುದಕ್ಕಿಂತ ಲಾಟ್ ನಂಬರ್ (ಒಂದೇ ಕಂತಿನಲ್ಲಿ ತಯಾರಾದ ತೋಟೆಗಳ ಸಂಖ್ಯೆಗುರುತು) ನೋಡಿ. ಒಂದೇ ಹೆಸರಿನ ಎರಡು ಲಾಟ್ ಒಂದೇ ರೈಫಲ್ಲಿನಲ್ಲಿ ಬೇರೆ ಬೇರೆ ಥರ ಹೋಗುತ್ತವೆ. 50 ಮೀಟರ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಗಲ ಬರೀ 10.4 ಮಿಲಿಮೀಟರ್. ಆ ಮಟ್ಟದವರು ತೋಟೆ ತಯಾರಿಸುವ ಲಾಪುವಾ ಕಂಪನಿಗೆ ಅರಿಜೋನಾದ ಮೇಸಾದಲ್ಲಿರುವಂಥ ಪರೀಕ್ಷಾ ಕೇಂದ್ರಕ್ಕೆ ಹೋಗಿ, ತಮ್ಮ ರೈಫಲ್ಲನ್ನು ಬಿಗಿದು ಕೂರಿಸಿ, ಒಂದೊಂದೇ ಲಾಟ್ ಹೊಡೆಸಿ ನೋಡಿ ಕೊಳ್ಳುತ್ತಾರೆ. ನಮಗೆ ಅಷ್ಟು ಬೇಡ, ರೀತಿ ಮಾತ್ರ ಅದೇ.

50 ತೋಟೆಯ ನಾಲ್ಕು ಬೇರೆ ಬೇರೆ ಸಣ್ಣ ಡಬ್ಬ ತನ್ನಿ, ತೋಟೆಗಳನ್ನು ಟ್ರೇಯಲ್ಲಿ ಸಾಲಾಗಿ ನಿಲ್ಲಿಸಿರುವಂಥದ್ದು. ಅದರಲ್ಲಿ ಒಂದಾದರೂ ಸೆಕೆಂಡಿಗೆ 1,070 ಅಡಿ ಆಸುಪಾಸಿನ ಸ್ಟಾಂಡರ್ಡ್ ವೇಗದ್ದಿರಲಿ. 1,250 ಅಡಿಯ ಜೋರಿನ ತೋಟೆ ಶಬ್ದಕ್ಕಿಂತ ವೇಗವಾಗಿ ಹೊರಟು, 100 ಗಜ ಮುಟ್ಟುವ ಮೊದಲೇ ಅದಕ್ಕಿಂತ ಕೆಳಗೆ ಇಳಿಯುತ್ತದೆ, ಆ ಬದಲಾವಣೆಯಲ್ಲಿ ಗುಂಡು ಅಲುಗುತ್ತದೆ ಅಂತ ಗುರಿಕಾರರು ಅದನ್ನು ದೂರ ಇಡುತ್ತಾರೆ. ನಿಮ್ಮದು ಬೋಲ್ಟ್ ಆಕ್ಷನ್ (ಪ್ರತಿ ಸಲ ಕೈಯಲ್ಲೇ ಬೋಲ್ಟ್ ಎಳೆಯುವುದು) ಆದರೆ ಸ್ಟಾಂಡರ್ಡ್ ಸಾಕು. ನನ್ನ 10/22ರಂಥ ಸೆಮಿ ಆಟೋ (ಹೊಡೆದ ಮೇಲೆ ಮುಂದಿನದನ್ನು ತಾನೇ ತುಂಬಿಕೊಳ್ಳುವುದು) ಆದರೆ ಅಷ್ಟು ವೇಗಕ್ಕೆ ಬೋಲ್ಟ್ ಪೂರ್ತಿ ಹಿಂದೆ ಬರುತ್ತದಾ ನೋಡಿಕೊಳ್ಳಿ, ನನ್ನದರಲ್ಲಿ ಬರುತ್ತದೆ. ಪ್ರತಿಯೊಂದರಲ್ಲೂ ಐದೈದರ ನಾಲ್ಕು ಗುಂಪು ಹೊಡೆಯಿರಿ, ಒಂದು ಥರದಿಂದ ಇನ್ನೊಂದಕ್ಕೆ ಬದಲಾಯಿಸಿದಾಗ ಮೊದಲ ಏಳೆಂಟನ್ನು ಲೆಕ್ಕಕ್ಕೆ ಹಿಡಿಯಬೇಡಿ, ನಳಿಗೆಗೆ ಹೊಸ ಮೇಣ ಹತ್ತಬೇಕು. ಯಾವುದು ಚೆನ್ನಾಗಿ ಕೂತಿತೋ ಅದೇ ಲಾಟ್ ನಂಬರಿನದು ಇನ್ನೂ ಸಾವಿರ ತಂದಿಡಿ. ಮನೆಗೆ ಬಂದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಮಕ್ಕಳನ್ನು ಮುಟ್ಟಬೇಡಿ, ಅದು ಸೀಸ.

ದೊಡ್ಡ ಡಬ್ಬ ಈಗಾಗಲೇ ತಂದಿದ್ದರೆ ಬಿಸಾಡುವುದು ಬೇಡ. ಟೈಮರ್ ಇಲ್ಲದೆ, ಒಂದೊಂದಾಗಿ ಹಾಕಿ ಹೊಡೆಯಿರಿ. ರೈಫಲ್ ಯಾವುದು, ಡಬ್ಬದ ಮೇಲಿನ ವೇಗ ಎಷ್ಟು ಅಂತ ಕೆಳಗೆ ಬರೆಯಿರಿ, ಗುರಿಹಾಳೆಯ ಫೋಟೋ ಇದ್ದರೆ ಅದನ್ನೂ ಹಾಕಿ. ನೋಡಿ ಹೇಳುತ್ತೇನೆ.