ಶ್ವೇತಕುಬ್ಜವನ್ನು ಸುತ್ತುವ ದೈತ್ಯ ಗ್ರಹ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಕ್ಷತ್ರಕ್ಕಿಂತ ಅದರ ಗ್ರಹವೇ ದೊಡ್ಡದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅದು ನಿಜವೋ, ಅಚ್ಚಿನ ತಪ್ಪೋ? (ಶಿರಸಿಯಿಂದ)

ನಿಜ. ಡಬ್ಲ್ಯುಡಿ 1856+534 ಎಂಬುದು ಡ್ರಾಕೊ ನಕ್ಷತ್ರಪುಂಜದಲ್ಲಿ, ನಮ್ಮಿಂದ ಸುಮಾರು 81 ಜ್ಯೋತಿರ್ವರ್ಷ ದೂರದಲ್ಲಿರುವ ಶ್ವೇತಕುಬ್ಜ. ಸೂರ್ಯನಂಥ ನಕ್ಷತ್ರವೊಂದು ಇಂಧನ ಮುಗಿದು, ಕೆಂಪು ದೈತ್ಯವಾಗಿ ಉಬ್ಬಿ, ಹೊರಪದರಗಳನ್ನೆಲ್ಲ ಕಳಚಿಕೊಂಡ ಮೇಲೆ ಉಳಿದ ತಿರುಳು ಅದು. ದ್ರವ್ಯರಾಶಿ ಸೂರ್ಯನ ಅರ್ಧಕ್ಕಿಂತ ತುಸು ಹೆಚ್ಚಿದ್ದರೂ ವ್ಯಾಸ ಭೂಮಿಯ 1.4 ಪಟ್ಟು ಮಾತ್ರ. ಗ್ರಹದ ವ್ಯಾಸವೋ ಭೂಮಿಯ 10 ಪಟ್ಟು, ಅಂದರೆ ಹೆಚ್ಚುಕಡಿಮೆ ಗುರುಗ್ರಹದಷ್ಟು. ನಿಂಬೆಹಣ್ಣಿನ ಸುತ್ತ ಕುಂಬಳಕಾಯಿ ತಿರುಗಿದ ಹಾಗೆ. ಆದರೆ ತೂಕದಲ್ಲಿ ನಕ್ಷತ್ರವೇ ಸುಮಾರು ನೂರು ಪಟ್ಟು ಮುಂದಿದೆ, ಹಾಗಾಗಿ ಸುತ್ತುವುದು ಗ್ರಹವೇ.

ಪ್ರಶ್ನೆ: ಅಷ್ಟು ದೊಡ್ಡ ಗ್ರಹ ಅಡ್ಡ ಬಂದಾಗ ನಕ್ಷತ್ರ ಪೂರ್ತಿ ಮರೆಯಾಗಬೇಕಲ್ಲವೇ? ಬೆಳಕು ಶೇ. 56ರಷ್ಟು ಮಾತ್ರ ಕುಗ್ಗುವುದೇಕೆ? (ಮೈಸೂರಿನಿಂದ)

ಗ್ರಹ ನಕ್ಷತ್ರದ ನಡುವಿನಿಂದ ಹಾದುಹೋಗುವುದಿಲ್ಲ, ಅಂಚನ್ನು ಸವರಿಕೊಂಡು ಹೋಗುತ್ತದೆ. ಲೆಕ್ಕ ಹಾಕಿ ನೋಡಿ: ಕಕ್ಷೆಯ ತ್ರಿಜ್ಯ ಸುಮಾರು 30 ಲಕ್ಷ ಕಿ.ಮೀ., ಒಂದು ಸುತ್ತಿಗೆ 33 ಗಂಟೆ 47 ನಿಮಿಷ. ವೇಗ ಸೆಕೆಂಡಿಗೆ 157 ಕಿ.ಮೀ. ಆಗುತ್ತದೆ. ನಟ್ಟನಡುವೆ ಹಾದಿದ್ದರೆ ಸಂಕ್ರಮಣ (ನಕ್ಷತ್ರದ ಮುಂದೆ ಗ್ರಹ ಹಾಯುವುದು) 16 ನಿಮಿಷ ಹಿಡಿಯಬೇಕಿತ್ತು. ನಿಜಕ್ಕೂ ಹಿಡಿಯುವುದು ಸುಮಾರು 8 ನಿಮಿಷ. ಸೂರ್ಯನ ಮುಂದೆ ಗುರು ಹಾದರೆ ಬೆಳಕು ಕುಗ್ಗುವುದು ಶೇ. 1ರಷ್ಟೇ ಎಂಬುದನ್ನು ನೆನೆದರೆ 56 ಎಷ್ಟು ದೊಡ್ಡ ಸಂಖ್ಯೆ ಎಂದು ತಿಳಿಯುತ್ತದೆ.

ಪ್ರಶ್ನೆ: ಅದು ಗ್ರಹವೇ ಎಂದು ಖಚಿತವಾಗಿ ಹೇಳುವುದು ಹೇಗೆ? ಕಂದು ಕುಬ್ಜವೂ (ಗ್ರಹಕ್ಕಿಂತ ಭಾರ, ಆದರೆ ನಕ್ಷತ್ರವಾಗದೆ ಉಳಿದ ಕಾಯ) ಆಗಿರಬಹುದಲ್ಲ? (ಬೆಂಗಳೂರಿನ ಎಂ.ಎಸ್ಸಿ. ವಿದ್ಯಾರ್ಥಿನಿ)

ಕೇಳಲೇಬೇಕಾದ ಪ್ರಶ್ನೆ. ಗಾತ್ರ ನೋಡಿ ತೀರ್ಮಾನಿಸುವಂತಿಲ್ಲ. ಗುರುಗ್ರಹ, ಅದರ 50 ಪಟ್ಟು ತೂಗುವ ಕಂದು ಕುಬ್ಜ, ತೀರಾ ಚಿಕ್ಕ ಕೆಂಪು ಕುಬ್ಜ (ಪುಟ್ಟ, ಮಂಕಾದ ನಕ್ಷತ್ರ), ಈ ಮೂರರ ವ್ಯಾಸವೂ ಹತ್ತಿರಹತ್ತಿರ ಒಂದೇ. ಹಾಗಾಗಿ ತೂಕ ಬೇಕೇ ಬೇಕು. ಸಾಮಾನ್ಯವಾಗಿ ಮಾಡುವುದೇನು? ಗ್ರಹದ ಸೆಳೆತಕ್ಕೆ ನಕ್ಷತ್ರ ಓಲಾಡುವಾಗ ಅದರ ರೋಹಿತದ (ಬಣ್ಣಗಳಾಗಿ ಬಿಡಿಸಿದ ಬೆಳಕಿನ) ಗೆರೆಗಳು ಅತ್ತಿತ್ತ ಸರಿಯುತ್ತವೆ, ಆ ಸರಿತವನ್ನು ಅಳೆದು ತೂಕ ಕಂಡುಕೊಳ್ಳುತ್ತಾರೆ. ಇಲ್ಲಿ ಆ ದಾರಿ ಮುಚ್ಚಿದೆ. ಈ ಶ್ವೇತಕುಬ್ಜ 4,700 ಕೆಲ್ವಿನ್‌ಗೆ ತಣಿದಿದೆ, ರೋಹಿತದಲ್ಲಿ ಅಳೆಯಲು ಸಿಗುವಂಥ ಗೆರೆಗಳೇ ಇಲ್ಲವೆನ್ನಬೇಕು.

ಉಳಿದದ್ದು ಶಾಖದ ದಾರಿ. ಹುಟ್ಟಿದಾಗಿನ ಬಿಸಿಯನ್ನು ಭಾರದ ಕಾಯ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ. ಹೊರಗ್ರಹಗಳನ್ನು ಹುಡುಕುವ ಟೆಸ್ ಉಪಗ್ರಹದ ದತ್ತಾಂಶದಲ್ಲಿ ಈ ಸಂಕ್ರಮಣ ಕಂಡಮೇಲೆ, ಖಗೋಳವಿಜ್ಞಾನಿ ಆಂಡ್ರ್ಯೂ ವಾಂಡರ್‌ಬರ್ಗ್ ಅವರ ತಂಡ ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕದಿಂದ 4.5 ಮೈಕ್ರಾನ್ ಅವಕೆಂಪಿನಲ್ಲಿ (ಕಣ್ಣಿಗೆ ಕಾಣದ, ಶಾಖದ ಬೆಳಕಿನಲ್ಲಿ) ಅದನ್ನೇ ಮತ್ತೆ ನೋಡಿತು. ಅಡ್ಡ ಬಂದ ಕಾಯ ತಾನೂ ಹೊಳೆಯುತ್ತಿದ್ದರೆ ಆ ಹೊಳಪು ಸಂಕ್ರಮಣದ ವೇಳೆಯೂ ಉಳಿದು, ಅವಕೆಂಪಿನ ತಗ್ಗು ಕಣ್ಣಿಗೆ ಕಾಣುವ ಬೆಳಕಿನ ತಗ್ಗಿಗಿಂತ ಆಳ ಕಡಿಮೆ ಇರಬೇಕು. ಎರಡೂ ಒಂದೇ ಆಳ ಬಂದವು. ಅಂದರೆ ಅದು ತಣ್ಣನೆಯ ಕಾಯ, ತೂಕ ಗುರುವಿನ ಸುಮಾರು 14 ಪಟ್ಟಿಗಿಂತ ಕಡಿಮೆ. ಇದು 2020ರಲ್ಲಿ ಪ್ರಕಟವಾಯಿತು. ಗ್ರಹಕ್ಕೂ ಕಂದು ಕುಬ್ಜಕ್ಕೂ ಗಡಿ ಎಳೆಯುವುದು ಸುಮಾರು 13 ಪಟ್ಟಿನ ಬಳಿ, ಆದ್ದರಿಂದ ಆಗಿನ್ನೂ ‘ಗ್ರಹ ಇರಬಹುದು’ ಎಂದಷ್ಟೇ ಹೇಳಬಹುದಿತ್ತು. 2025ರಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಅಳತೆಗಳು ಬಂದವು. ಶ್ವೇತಕುಬ್ಜದ ಬೆಳಕು ಉದ್ದ ತರಂಗಾಂತರಗಳಲ್ಲಿ ನಯವಾಗಿ ಇಳಿಯುತ್ತದೆ. ಆ ಇಳಿಜಾರಿನ ಮೇಲೆ ಹೆಚ್ಚುವರಿಯಾಗಿ ಕಂಡ ಅವಕೆಂಪು ಗ್ರಹದ್ದು. ಅದರಿಂದ ತಾಪಮಾನ 186 ಕೆಲ್ವಿನ್ (ಮೈನಸ್ 87 ಡಿಗ್ರಿ ಸೆಲ್ಸಿಯಸ್), ತೂಕ ಗುರುವಿನ 6 ಪಟ್ಟಿಗಿಂತ ಹೆಚ್ಚಿಲ್ಲ ಎಂದು ತಿಳಿಯಿತು. ಇನ್ನು ಅನುಮಾನಕ್ಕೆ ಎಡೆಯಿಲ್ಲ, ಅದು ಗ್ರಹವೇ.

ಪ್ರಶ್ನೆ: ಬುಧ ಸೂರ್ಯನಿಗಿರುವುದಕ್ಕಿಂತ ಎಷ್ಟೋ ಹತ್ತಿರವಿದ್ದೂ ಇಷ್ಟು ತಂಪೇ?

ಒಲೆಯೇ ಆರುತ್ತಾ ಬಂದಿದೆ. ಆ ನಕ್ಷತ್ರ ಚೆಲ್ಲುವ ಒಟ್ಟು ಬೆಳಕು ಸೂರ್ಯನ ಸುಮಾರು 13,000ದಲ್ಲಿ ಒಂದು ಪಾಲು.

ಪ್ರಶ್ನೆ: ಕೆಂಪು ದೈತ್ಯ ಹತ್ತಿರದ ಗ್ರಹಗಳನ್ನೆಲ್ಲ ನುಂಗುತ್ತದೆ ಎನ್ನುತ್ತಾರೆ. ಇದು ಉಳಿದದ್ದು ಹೇಗೆ? ನಮ್ಮ ಗುರುವಿನ ಗತಿ ಏನು? (ಧಾರವಾಡದಿಂದ)

ಈಗಿರುವ ಜಾಗದಲ್ಲೇ ಮೊದಲಿಂದ ಇದ್ದಿದ್ದರೆ ಉಳಿಯುತ್ತಿರಲಿಲ್ಲ. ವಿವರಣೆ ಎರಡಿವೆ. ಗ್ರಹ ದೈತ್ಯದ ಹೊದಿಕೆಯೊಳಗೆ ಸಿಕ್ಕಿ, ಒಳಕ್ಕೆ ಸುರುಳಿಯಾಗಿ ಇಳಿಯುತ್ತಾ ಆ ಹೊದಿಕೆಯನ್ನೇ ಹೊರಗೆಸೆದಿರಬಹುದು. ಆದರೆ ಹೊದಿಕೆಯನ್ನು ಕಿತ್ತೆಸೆಯಲು ಬೇಕಾದ ಶಕ್ತಿ ಒದಗುವುದು ಗ್ರಹದ ತೂಕದಿಂದ. 6 ಪಟ್ಟಿನೊಳಗಿನ ಗ್ರಹಕ್ಕೆ ಅದು ಬಹಳ ಕಷ್ಟ. ನಮ್ಮ ಒಲವು ಎರಡನೆಯದರ ಕಡೆಗೆ. ಈ ಶ್ವೇತಕುಬ್ಜಕ್ಕೆ ದೂರದಲ್ಲಿ ಜೋಡಿ ಕೆಂಪು ಕುಬ್ಜಗಳ ಸಂಗಾತವಿದೆ. ಅವುಗಳ ನಿಧಾನ ಸೆಳೆತವೋ, ಅದೇ ಕುಟುಂಬದ ಬೇರೆ ಗ್ರಹಗಳ ತಳ್ಳಾಟವೋ, ಹೊರಗಿದ್ದ ಗ್ರಹದ ಕಕ್ಷೆಯನ್ನು ತೀರಾ ಉದ್ದನೆಯ ದೀರ್ಘವೃತ್ತವಾಗಿಸಿರಬೇಕು. ಪ್ರತಿ ಸಲ ನಕ್ಷತ್ರದ ಹತ್ತಿರ ಬಂದಾಗಲೂ ಉಬ್ಬರವಿಳಿತದ ಬಲ ಕಕ್ಷೆಯ ಶಕ್ತಿಯನ್ನು ಹೀರಿ, ಕೊನೆಗೆ ಈ ಪುಟ್ಟ ದುಂಡು ಕಕ್ಷೆ ಉಳಿದಿದೆ. ದೈತ್ಯ ಕುಗ್ಗಿ ತಣ್ಣಗಾದ ಎಷ್ಟೋ ಕಾಲದ ಮೇಲೂ ಇದು ನಡೆಯಬಹುದು.

ನಮ್ಮ ಗುರುವಿಗೆ ಅಪಾಯವಿಲ್ಲ. ಸೂರ್ಯ ತನ್ನ ದ್ರವ್ಯರಾಶಿಯ ಅರ್ಧದಷ್ಟನ್ನು ಕಳೆದುಕೊಂಡಾಗ ಹಿಡಿತ ಸಡಿಲವಾಗಿ, ಗುರುವಿನ ಕಕ್ಷೆ ಈಗಿನದರ ಎರಡು ಪಟ್ಟಿನ ಹತ್ತಿರಕ್ಕೆ ಹಿಗ್ಗುತ್ತದೆ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ 35 ಸೆಂ.ಮೀ. ದೂರದರ್ಶಕ, ತಂಪಾಗಿಸಿದ ಕ್ಯಾಮೆರಾ ಇವೆ. ಈ ಸಂಕ್ರಮಣ ಹಿಡಿಯಬಹುದೇ? (ತುಮಕೂರಿನ ಅಧ್ಯಾಪಕರು)

ಪ್ರಯತ್ನಿಸಿ ಸರ್, ಅರಿಝೋನಾದ ಖಾಸಗಿ ದೂರದರ್ಶಕಗಳು ಹಿಡಿದಿವೆ. ನಕ್ಷತ್ರದ ಕಾಂತಿಮಾನ (ಹೊಳಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಮಂಕು) 17ರ ಆಸುಪಾಸು. ತುಂಬಾ ಮಂಕು, ಆದರೆ ಸಂಕ್ರಮಣದಲ್ಲಿ ನಕ್ಷತ್ರ ಇನ್ನೂ 0.9ರಷ್ಟು ಮಂಕಾಗುತ್ತದೆ. ಬೇರೆ ಹೊರಗ್ರಹಗಳಿಗೆ 0.005ರ ನಿಖರತೆ ಬೇಕು. ಇಲ್ಲಿ ಒಂದೊಂದು ಚಿತ್ರದಲ್ಲಿ 0.1 ಸಿಕ್ಕರೂ ಸಾಕು.

ಜಾಗ: ಅಭಿಜಿತ್ (ವೇಗಾ) ನಕ್ಷತ್ರದಿಂದ ಉತ್ತರಕ್ಕೆ ಸುಮಾರು 15 ಡಿಗ್ರಿ. ತುಮಕೂರಿನಿಂದ ಗರಿಷ್ಠ ಎತ್ತರ 50 ಡಿಗ್ರಿ. ಮಳೆಗಾಲ ಬಿಟ್ಟು, ಏಪ್ರಿಲ್–ಮೇ ತಿಂಗಳ ಬೆಳಗಿನ ಜಾವ ಅಥವಾ ಅಕ್ಟೋಬರ್ ಸಂಜೆ ಆರಿಸಿಕೊಳ್ಳಿ, ಬೆಳದಿಂಗಳ ರಾತ್ರಿ ಬೇಡ. ಐದು ಸುತ್ತಿಗೆ 7 ದಿನ 57 ನಿಮಿಷ, ಅಂದರೆ ಒಂದು ವಾರ ಮೋಡದಿಂದ ತಪ್ಪಿದರೆ ಮುಂದಿನ ವಾರ ಅದೇ ದಿನ ಒಂದು ಗಂಟೆ ತಡವಾಗಿ ಇನ್ನೊಂದು ಅವಕಾಶ.

ಎಕ್ಸ್‌ಪೋಷರ್ 30ರಿಂದ 60 ಸೆಕೆಂಡ್ ಇಡಿ, ಫಿಲ್ಟರ್ ಬೇಡ. ಮಂಕೆಂದು 5 ನಿಮಿಷ ತೆರೆದಿಟ್ಟರೆ 8 ನಿಮಿಷದ ತಗ್ಗು ಅಳಿಸಿಹೋಗುತ್ತದೆ. ಸಂಕ್ರಮಣದ ಮುನ್ಸೂಚನೆ ಹೇಳಿದ ಹೊತ್ತಿಗೆ ಮುಂಚೆ ಅರ್ಧ ಗಂಟೆ, ಆಮೇಲೆ ಅರ್ಧ ಗಂಟೆ ಬಿಡದೆ ತೆಗೆಯಿರಿ. ಹೆಚ್ಚಾಗಿ ಕೈಕೊಡುವುದು ಪಕ್ಕದ ಕೆಂಪು ಕುಬ್ಜಗಳು: 43 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲಿ ಒಂದು ಪಾಲು) ದೂರದಲ್ಲಿ, ಹೆಚ್ಚು ಪ್ರಕಾಶಮಾನವಾಗಿ ಇವೆ. ಬೆಳಕು ಅಳೆಯುವ ವೃತ್ತವನ್ನು ಚಿಕ್ಕದಾಗಿಡಿ, ಹಿನ್ನೆಲೆಯ ಉಂಗುರದೊಳಗೂ ಅವು ಸೇರದಂತೆ ನೋಡಿಕೊಳ್ಳಿ. ಹತ್ತಿರದ ನಾಲ್ಕೈದು ನಕ್ಷತ್ರಗಳೊಂದಿಗೆ ಹೋಲಿಸಿ. ಅವೂ ಜತೆಗೇ ಮಂಕಾದರೆ ಅದು ಮೋಡ. ಕಂಪ್ಯೂಟರ್ ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಹೊಂದಿಸಿ. ಮುನ್ಸೂಚನೆಯ ವೇಳೆ ಸೌರವ್ಯೂಹದ ದ್ರವ್ಯರಾಶಿ ಕೇಂದ್ರಕ್ಕೆ ಲೆಕ್ಕ ಹಾಕಿದ್ದಾಗಿದ್ದರೆ, ಈ ನಕ್ಷತ್ರದ ಮಟ್ಟಿಗೆ ಆಚೀಚೆ 2 ನಿಮಿಷದವರೆಗೆ ವ್ಯತ್ಯಾಸ ಬರುತ್ತದೆ. 8 ನಿಮಿಷದ ಘಟನೆಗೆ ಅದು ದೊಡ್ಡದೇ, ತಿದ್ದುಪಡಿ ಮಾಡಿದ ಮೇಲೆಯೇ ನಿಮ್ಮ ತಗ್ಗಿನ ನಡುಬಿಂದುವನ್ನು ಮುನ್ಸೂಚನೆಗೆ ತಾಳೆ ನೋಡಿ.