ವಾಟರ್ ಇಂಜೆಕ್ಷನ್ ಇದ್ದರೂ ನಾಕಿಂಗ್? ನಾಝಲ್ ನೋಡಿ

ನಿಮ್ಮದು ಸೂಪರ್‌ಚಾರ್ಜರ್ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇರುವ ಗಾಡಿ, ವಾಟರ್ ಇಂಜೆಕ್ಷನ್ (ಒಳಹೋಗುವ ಗಾಳಿಗೆ ನೀರು ಸಿಂಪಡಿಸಿ ತಂಪು ಮಾಡುವ ಕಿಟ್) ಹಾಕಿಸಿ ಎರಡು ತಿಂಗಳು ಚೆನ್ನಾಗಿತ್ತು, ಈಗ ಫುಲ್ ಬೂಸ್ಟ್‌ನಲ್ಲಿ (ಆ ಗಾಳಿಯ ಒತ್ತಡ ಪೂರ್ತಿ ಇರುವಾಗ) ಮತ್ತೆ ನಾಕಿಂಗ್ (ಇಂಧನ ತಾನಾಗಿ ಸಿಡಿದು ಎಂಜಿನ್ ಕಟಕಟ ಅನ್ನುವುದು) ಅಂದರೆ ಬಹುಶಃ ನೀರು ಸಿಂಪಡಿಸುವ ನಾಝಲ್ ಕಟ್ಟಿದೆ. ಕಿಟ್‌ನ ನೀರಿನ ಟ್ಯಾಂಕಿಗೆ ಬೋರ್‌ವೆಲ್ ನೀರು ಹಾಕುತ್ತೇನೆ ಅಂದಿದ್ದೀರಿ, ಅಲ್ವಾ? ಬೆಂಗಳೂರಿನ ಬೋರ್ ನೀರು ಗೀಸರ್ ಕಾಯಿಲನ್ನೇ ಬಿಡುವುದಿಲ್ಲ, ಇನ್ನು ಸೂಜಿಮೊನೆಯಷ್ಟು ತೂತನ್ನು ಬಿಡುತ್ತದೆಯೇ! ನನ್ನದೂ ಹೀಗೇ ಆಗಿತ್ತು.

ಸದ್ಯಕ್ಕೆ ಜಾಸ್ತಿ ಬೂಸ್ಟ್ ಬೇಡ. ನಾಝಲ್ ಹೊರಗೆ ತೆಗೆದು, ಪೈಪಿಗೆ ಸೇರಿಸಿದಂತೆಯೇ ಇಟ್ಟು, ಬಾಟಲಿಯೊಳಗೆ ನೀರು ಬೀಳುವಂತೆ ಹಿಡಿದು ಪಂಪ್ ಓಡಿಸಿ. ಮಂಜಿನಂತೆ ಹರಡಬೇಕು. ಗೆರೆಯಾಗಿ ಬಂದರೆ ವಿನಿಗರ್‌ನಲ್ಲಿ ಒಂದು ಗಂಟೆ ನೆನೆಸಿ ತೊಳೆಯಿರಿ. ಪಿನ್ನು ಚುಚ್ಚಬೇಡಿ, ತೂತು ಹಾಳಾಗುತ್ತದೆ. ಫಿಲ್ಟರನ್ನೂ ತೊಳೆದು, ಇನ್ನು ಮುಂದೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಸ್ಪ್ರೇ ಸರಿಯಿದ್ದರೆ ಪಂಪ್ ಪ್ರೆಷರ್ ಬಿದ್ದಿರಬಹುದು, ಗೇಜ್ ಹಾಕದೆ ಖಚಿತವಾಗಿ ಹೇಳಲಾರೆ.

ಆಮೇಲೆ ಟೈಮಿಂಗ್ (ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವ ಸಮಯ) 3 ಡಿಗ್ರಿ ರಿಟಾರ್ಡ್, ಅಂದರೆ ತಡ, ಮಾಡಿ ಓಡಿಸಿ. ನಾಕ್ ಇಲ್ಲದಿದ್ದರೆ ಒಂದೊಂದೇ ಡಿಗ್ರಿ ವಾಪಸ್ ಕೊಡಿ.